ಎಗರಿ ಬರುವ ಟಿಕೆಟ್, ಸುತ್ತಿ ಬರುವ ಟಿಕೆಟ್

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಐದೂವರೆಯ ಹೊತ್ತಿಗೆ ಕುಳಿತರೆ, ಬೈತಖೋಲ ಬಂದರಿನಿಂದ ಹೊರಟ ಟ್ರಾಲ್ ಬೋಟುಗಳು ಪಶ್ಚಿಮಕ್ಕೆ ಸರಿಯುವುದು ಕಾಣುತ್ತದೆ. ಕಣ್ಣು ಚೆನ್ನಾಗಿರುವವರು ಯಾವುದಾದರೂ ಒಂದು ಬೋಟನ್ನೇ ಹಿಡಿದು ನೋಡುತ್ತಿರಬೇಕು. ಮೊದಲು ಅದರ ಮೈ ಮರೆಯಾಗುತ್ತದೆ, ಆಮೇಲೆ ಚಾಲಕನ ಕೋಣೆ, ಕಟ್ಟಕಡೆಗೆ ಕಂಬ. ಬೋಟೇನೂ ಮುಳುಗಿಲ್ಲ. ನಮಗೂ ಅದಕ್ಕೂ ನಡುವೆ ಸಮುದ್ರವೇ ಉಬ್ಬಿ ನಿಂತಿದೆ, ಅಷ್ಟೇ.

ಡಿಸೆಂಬರಿನ ರಜೆಗೆ ಶಿರಸಿಯಿಂದ ಬಂದಿದ್ದ ನನ್ನ ತಂಗಿಯ ಮಗ ಬೋಟು ನೋಡುತ್ತಿರಲಿಲ್ಲ, ಮೊಬೈಲ್ ನೋಡುತ್ತಿದ್ದ. ಒಂಬತ್ತನೆಯ ತರಗತಿಯ ಹುಡುಗ. ಅಮೆರಿಕದ ಮರುಭೂಮಿಯಲ್ಲಿ ಇಳಿದ ಗುಮ್ಮಟದಾಕಾರದ ಕೋಶವೊಂದರಿಂದ ಪ್ರವಾಸಿಗರು ಕುಣಿಯುತ್ತಾ ಹೊರಬರುವ ವಿಡಿಯೊ ಅದು. ಇದ್ದಕ್ಕಿದ್ದಂತೆ ತಲೆಯೆತ್ತಿ ಕೇಳಿದ: "ಮಾವ, ಇವರು ಹೋಗಿ ಬಂದದ್ದು ಹತ್ತು ನಿಮಿಷಕ್ಕೆ. ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ ಇಪ್ಪತ್ತು ದಿನ ಹೋಗಿದ್ದರು. ಇಬ್ಬರಿಗೂ ಬಾಹ್ಯಾಕಾಶಕ್ಕೆ ಹೋಗಿ ಬಂದವರು ಎಂದು ಒಂದೇ ಹೆಸರು ಹೇಗೆ?"

ಬಾಹ್ಯಾಕಾಶ ಪ್ರವಾಸದ ಬಗ್ಗೆ ಬರುವ ಸುದ್ದಿಗಳಲ್ಲಿ ಹೆಚ್ಚಿನವು ಈ ಪ್ರಶ್ನೆಯ ಹತ್ತಿರ ಸುಳಿಯುವುದಿಲ್ಲ. ಆದರೆ ಟಿಕೆಟ್ಟಿನ ಬೆಲೆ, ಅಪಾಯ, ನಮ್ಮಂಥವರ ಸರದಿ ಯಾವಾಗ ಎಂಬುದೆಲ್ಲ ಈ ಒಂದು ಗಂಟಿನಲ್ಲಿಯೇ ಇದೆ.

ಮೊದಲು ಎತ್ತರದ ವಿಷಯ. ಬಾಹ್ಯಾಕಾಶ ಎಲ್ಲಿಂದ ಶುರು ಎನ್ನುವುದಕ್ಕೆ ಪ್ರಕೃತಿ ಬೇಲಿ ಹಾಕಿಲ್ಲ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತಾ ಹೋಗುತ್ತದೆ. ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಜಗತ್ತು 100 ಕಿ.ಮೀ. ಎತ್ತರವನ್ನು ಗಡಿ ಎಂದು ಇಟ್ಟುಕೊಂಡಿದೆ, ಅದಕ್ಕೆ ಕಾರ್ಮನ್ ರೇಖೆ ಎಂದು ಹೆಸರು. ಅಮೆರಿಕದವರು 80 ಕಿ.ಮೀ.ಗೇ ಗಡಿ ಹಾಕುತ್ತಾರೆ. ಶಿರಸಿಯಿಂದ ಹುಬ್ಬಳ್ಳಿಗೂ ನೂರು ಕಿಲೋಮೀಟರ್ ಆಸುಪಾಸು. ಅಂದರೆ ಹುಬ್ಬಳ್ಳಿಗೆ ಹೋಗುವ ರಸ್ತೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರೆ ಅದರ ತುದಿ ಬಾಹ್ಯಾಕಾಶದಲ್ಲಿರುತ್ತದೆ. ದೂರ ಎಂಬುದು ಇಲ್ಲಿ ಸಮಸ್ಯೆಯೇ ಅಲ್ಲ.

ಆ ತುದಿಯಲ್ಲಿ ಕುಳಿತವರಿಗೆ ಏನು ಕಾಣುತ್ತದೆ? ಕಡಲತೀರದಲ್ಲಿ ನಿಂತವನಿಗೆ ದಿಗಂತ ಐದು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿದೆ. ಕಾರವಾರದ ನೆತ್ತಿಯ ಮೇಲೆ ನೂರು ಕಿಲೋಮೀಟರ್ ಏರಿದರೆ ಅದು ಸುಮಾರು 1,100 ಕಿ.ಮೀ. ದೂರಕ್ಕೆ ಸರಿಯುತ್ತದೆ. ಆಕಾಶ ತಿಳಿಯಾಗಿದ್ದರೆ ಉತ್ತರಕ್ಕೆ ಮುಂಬೈ, ದಕ್ಷಿಣಕ್ಕೆ ಕನ್ಯಾಕುಮಾರಿ, ಪೂರ್ವಕ್ಕೆ ಚೆನ್ನೈ, ಅದರಾಚೆ ಬಂಗಾಳ ಕೊಲ್ಲಿ. ಎರಡೂ ಸಮುದ್ರ ಒಂದೇ ನೋಟದಲ್ಲಿ. ಇದಕ್ಕೆ ದುಡ್ಡು ಕೊಡುವವರನ್ನು ನಾನು ಹುಚ್ಚರೆನ್ನಲಾರೆ.

ಇನ್ನು ಹತ್ತು ನಿಮಿಷಕ್ಕೂ ಇಪ್ಪತ್ತು ದಿನಕ್ಕೂ ಇರುವ ವ್ಯತ್ಯಾಸ. ಹುಡುಗನ ಕೈಗೆ ಒಂದು ಕಪ್ಪೆಚಿಪ್ಪು ಕೊಟ್ಟು ನೆಟ್ಟಗೆ ಮೇಲಕ್ಕೆಸೆ ಎಂದೆ. ಎಸೆದ. ಅದು ಹೋಯಿತು, ಒಂದು ಗಳಿಗೆ ನಿಂತಂತೆ ಕಂಡಿತು, ಅವನ ಕಾಲ ಬಳಿಯೇ ಬಂದು ಬಿತ್ತು. ವಿಡಿಯೊದಲ್ಲಿದ್ದ ಬ್ಲೂ ಒರಿಜಿನ್ ಕಂಪನಿಯ ನ್ಯೂ ಶೆಪರ್ಡ್ ರಾಕೆಟ್ ಮಾಡುವುದೂ ಇಷ್ಟೇ. ಶಬ್ದದ ಮೂರು ಪಟ್ಟು ವೇಗದಲ್ಲಿ ಮೇಲಕ್ಕೆ ಚಿಮ್ಮಿಸುತ್ತದೆ, ನೂರು ಕಿಲೋಮೀಟರ್ ದಾಟಿಸುತ್ತದೆ, ಕೋಶ ಪ್ಯಾರಾಚೂಟ್ ಬಿಚ್ಚಿಕೊಂಡು ಇಳಿಯುತ್ತದೆ. ಪುಸ್ತಕದ ಕನ್ನಡದಲ್ಲಿ ಇದಕ್ಕೆ ಉಪಕಕ್ಷೀಯ ಯಾನ ಎಂದು ಹೆಸರು. ನಾನು ಎಗರಿ ಬರುವುದು ಎನ್ನುತ್ತೇನೆ.

ಎರಡನೆಯ ಚಿಪ್ಪನ್ನು ಸಮುದ್ರದ ಕಡೆಗೆ ಅಡ್ಡಕ್ಕೆ ಬೀಸು ಎಂದೆ. ಅದು ದೂರ ಹೋಗಿ ಬಾಗಿ ನೀರಿಗೆ ಬಿತ್ತು. ಇನ್ನೂ ಜೋರಾಗಿ ಬೀಸಿದರೆ ಇನ್ನೂ ದೂರ ಬೀಳುತ್ತದೆ. ಈಗ ಮರೆಯಾದ ಬೋಟನ್ನು ನೆನಪಿಸಿಕೊಳ್ಳಿ. ಇಲ್ಲಿಂದ ಎಂಟು ಕಿಲೋಮೀಟರ್ ಉದ್ದದ ನೇರ ಗೆರೆ ಎಳೆದರೆ, ಅದರ ಕೊನೆಯಲ್ಲಿ ಸಮುದ್ರದ ಮೈ ಐದು ಮೀಟರಿನಷ್ಟು ಕೆಳಗೆ ಬಾಗಿರುತ್ತದೆ. ಕೈಬಿಟ್ಟ ಯಾವುದೇ ವಸ್ತು ಮೊದಲ ಒಂದು ಸೆಕೆಂಡಿನಲ್ಲಿ ಬೀಳುವುದೂ ಸುಮಾರು ಐದು ಮೀಟರ್. ಹಾಗಾದರೆ ಸೆಕೆಂಡಿಗೆ ಎಂಟು ಕಿಲೋಮೀಟರ್ ವೇಗದಲ್ಲಿ ಅಡ್ಡಕ್ಕೆ ಹೋಗುವ ಚಿಪ್ಪು ಎಷ್ಟು ಬೀಳುತ್ತದೋ ಭೂಮಿಯೂ ಅಷ್ಟೇ ಕೆಳಗೆ ಸರಿದಿರುತ್ತದೆ. ಅದು ಬೀಳುತ್ತಲೇ ಇರುತ್ತದೆ, ಆದರೆ ನೆಲ ಸಿಗುವುದಿಲ್ಲ. ಕಕ್ಷೆ ಎಂದರೆ ಇದೇ. ಚಿಪ್ಪನ್ನು ತಡೆಯಲು ಇಲ್ಲಿ ಗಾಳಿ ಇದೆ, ಆದ್ದರಿಂದ ಈ ಆಟವನ್ನು ಗಾಳಿ ಹೆಚ್ಚುಕಡಿಮೆ ಮುಗಿದ ಎತ್ತರದಲ್ಲಿ ಆಡಬೇಕು. ಎತ್ತರ ಬೇಕಾಗಿರುವುದು ಅಷ್ಟಕ್ಕೇ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ ಗಂಟೆಗೆ 28,000 ಕಿ.ಮೀ. ವೇಗದಲ್ಲಿ ಸುತ್ತುತ್ತಿದೆ. ಮಾಜಾಳಿಯಿಂದ ಭಟ್ಕಳದವರೆಗಿನ ನಮ್ಮ ಇಡೀ ಕರಾವಳಿ ಅದಕ್ಕೆ ಹದಿನೈದು ಸೆಕೆಂಡಿನ ಹಾದಿ. ಇದೇ ತೀರದಲ್ಲಿ ಚಾಪೆಲ್ ಯುದ್ಧನೌಕೆಯ ಬಳಿ ತಂದಿಟ್ಟಿರುವ ನೌಕಾಪಡೆಯ ಟುಪೊಲೆವ್ ವಿಮಾನವನ್ನು ಜನ ಬಾಯಿ ಬಿಟ್ಟುಕೊಂಡು ನೋಡುತ್ತಾರಲ್ಲ, ಅದು ಹಾರುತ್ತಿದ್ದ ಕಾಲದಲ್ಲೂ ಗಂಟೆಗೆ ಸಾವಿರ ಕಿಲೋಮೀಟರ್ ಮುಟ್ಟುವ ಯಂತ್ರವಾಗಿರಲಿಲ್ಲ.

ಬೆಲೆಯ ಗುಟ್ಟು ಈ ವೇಗದಲ್ಲಿದೆ. ಒಂದು ಕಿಲೋ ತೂಕವನ್ನು ನೂರು ಕಿಲೋಮೀಟರ್ ಎತ್ತುವುದಕ್ಕೆ ಎಷ್ಟು ಶಕ್ತಿ ಬೇಕೋ, ಅದೇ ಒಂದು ಕಿಲೋಗೆ ಕಕ್ಷೆಯ ವೇಗ ಕೊಡಲು ಅದರ ಸುಮಾರು ಮೂವತ್ತು ಪಟ್ಟು ಬೇಕು. ಸಾಲದ್ದಕ್ಕೆ ರಾಕೆಟ್ ತನ್ನ ಇಂಧನವನ್ನು ತಾನೇ ಹೊರಬೇಕು. ಹಿಂದೆ ಕಾಶಿಗೆ ನಡೆದು ಹೋಗುತ್ತಿದ್ದವರು ದಾರಿಯಲ್ಲಿ ಎಲ್ಲೂ ಊಟ ಸಿಗುವುದಿಲ್ಲ ಎಂದು ಪೂರ್ತಿ ಬುತ್ತಿಯನ್ನು ಮನೆಯಿಂದಲೇ ಹೊತ್ತರು ಎಂದುಕೊಳ್ಳಿ. ಬುತ್ತಿ ಹೊರಲು ಒಬ್ಬ ಆಳು, ಆ ಆಳಿನ ಬುತ್ತಿಗೆ ಮತ್ತೊಬ್ಬ, ಅವನ ಬುತ್ತಿಗೆ ಇನ್ನೊಬ್ಬ. ಕಾಶಿ ಮುಟ್ಟುವವನು ಒಬ್ಬನೇ, ಹೊರಡುವುದು ಮಾತ್ರ ದಿಬ್ಬಣ. ನಾಲ್ಕು ಜನರನ್ನು ಕಕ್ಷೆಗೆ ಒಯ್ಯುವ ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ರಾಕೆಟ್ ನೆಲ ಬಿಡುವಾಗ ಸುಮಾರು 550 ಟನ್ ತೂಗುತ್ತದೆ. ಅದರಲ್ಲಿ ಬಹುಪಾಲು ಬುತ್ತಿಯೇ.

ಬರುವಾಗಲೂ ಪುಕ್ಕಟೆಯಿಲ್ಲ. ಹೋಗುವಾಗ ಗಳಿಸಿದ ವೇಗವನ್ನೆಲ್ಲ ಗಾಳಿಯಲ್ಲಿ ಉಜ್ಜಿ ಕಳೆಯಬೇಕು, ಆ ವೇಗವೆಲ್ಲ ಬೆಂಕಿಯಾಗುತ್ತದೆ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯಿದ್ದ ಕೊಲಂಬಿಯಾ ನೌಕೆ ಒಡೆದು ಚೂರಾದದ್ದು ಏರುವಾಗಲ್ಲ, ಇಳಿಯುವಾಗ. ರೆಕ್ಕೆಯ ಶಾಖ ತಡೆಯುವ ಕವಚದಲ್ಲಿ ಉಡಾವಣೆಯ ಹೊತ್ತಿಗೇ ತೂತು ಬಿದ್ದಿತ್ತು. ಎಗರಿ ಬರುವವರಿಗೆ ಈ ಬೆಂಕಿಯ ಭಯ ಅಷ್ಟಿಲ್ಲ, ಅವರ ವೇಗವೇ ಕಡಿಮೆ.

ಎರಡು ಯಾನಗಳಲ್ಲೂ ಸಮಾನವಾಗಿ ಸಿಗುವುದು ತೇಲುವ ಅನುಭವ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೇಷ್ಟರುಗಳೂ ಹೇಳುವುದುಂಟು: ಮೇಲೆ ಗುರುತ್ವವಿಲ್ಲ, ಅದಕ್ಕೇ ತೇಲುತ್ತಾರೆ ಎಂದು. ನಿಲ್ದಾಣವಿರುವ ಎತ್ತರದಲ್ಲಿ ಗುರುತ್ವ ನೆಲದಲ್ಲಿರುವುದರ ಶೇ 90ರಷ್ಟು ಇದ್ದೇ ಇದೆ. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ದೊಡ್ಡ ತೊಟ್ಟಿಲು ಹತ್ತಿದವರಿಗೆ ನಿಜ ಸಂಗತಿ ಹೊಟ್ಟೆಗೇ ಗೊತ್ತು. ತೊಟ್ಟಿಲು ತುದಿ ಮುಟ್ಟಿ ಕೆಳಗೆ ಸರಿಯುವ ಕ್ಷಣದಲ್ಲಿ ಕರುಳು ಮೇಲೆ ಬಂದಂತಾಗಿ, ಕುಳಿತ ಹಲಗೆ ಹಗುರವಾಗುತ್ತದೆ. ನೀವೂ ಹಲಗೆಯೂ ಒಟ್ಟಿಗೆ ಬೀಳಲು ಹೊರಟಿರುತ್ತೀರಿ, ಹಾಗಾಗಿ ಹಲಗೆ ನಿಮ್ಮನ್ನು ಒತ್ತುವುದು ಕಡಿಮೆಯಾಗುತ್ತದೆ. ಗಗನನೌಕೆಯಲ್ಲಿ ನೌಕೆಯೂ ಪ್ರಯಾಣಿಕರೂ ಪೂರ್ತಿಯಾಗಿ, ಜೊತೆಯಾಗಿ ಬೀಳುತ್ತಿರುತ್ತಾರೆ. ತೊಟ್ಟಿಲಲ್ಲಿ ಅರೆ ಕ್ಷಣ, ಅರೆಬರೆ. ಎಗರಿ ಬರುವ ರಾಕೆಟ್ಟಿನಲ್ಲಿ ಮೂರು-ನಾಲ್ಕು ನಿಮಿಷ. ಕಕ್ಷೆಯಲ್ಲಿ ಇರುವಷ್ಟು ದಿನವೂ ಅದೇ.

ಇರುವಷ್ಟು ದಿನವೂ ಎಂದಾಗ ಕೇಳಲು ಚೆಂದ. ದೇವಿಮನೆ ಘಟ್ಟದಲ್ಲಿ ಬಸ್ಸಿನ ಕಿಟಕಿ ಪಕ್ಕ ಕುಳಿತು, ಕೈಯಲ್ಲಿ ನಿಂಬೆಹಣ್ಣು ಹಿಡಿದು ಪ್ರಯಾಣ ಮಾಡಿದವರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಘಟ್ಟದಲ್ಲಿ ವಾಂತಿ ಬರುವುದು ಕಣ್ಣು ಒಂದು ಹೇಳಿ, ಒಳಗಿವಿಯ ಸಮತೋಲನದ ಅಂಗ ಇನ್ನೊಂದು ಹೇಳಿದಾಗ. ಮೇಲೆ ಹೋದವರ ಒಳಗಿವಿಗೆ ಮೇಲು ಯಾವುದು, ಕೆಳಗು ಯಾವುದು ಎಂಬುದೇ ತಿಳಿಯುವುದಿಲ್ಲ. ತರಬೇತಾದ ಗಗನಯಾತ್ರಿಗಳಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ ಎರಡು-ಮೂರು ದಿನ ಹೊಟ್ಟೆ ತೊಳಸುತ್ತದೆ. ಮುಖ ಊದಿಕೊಳ್ಳುತ್ತದೆ, ಮೂಗು ಕಟ್ಟುತ್ತದೆ. ಮೂರು ದಿನದ ಪ್ರವಾಸಕ್ಕೆ ಹೋಗಿ ಮೂರೂ ದಿನ ನಿಂಬೆಹಣ್ಣು ಮೂಸುವ ಸ್ಥಿತಿ ಬಂದರೆ ಟಿಕೆಟ್ಟಿನ ಹಣ ಹಿಂತಿರುಗಿಸುವುದಿಲ್ಲ.

ದುಡ್ಡು ಕೊಟ್ಟು ಹೋಗುವ ಪದ್ಧತಿ ಇಂದಿನದಲ್ಲ. 1990ರ ಡಿಸೆಂಬರಿನಲ್ಲಿ ಜಪಾನಿನ ಟಿ.ವಿ. ಸಂಸ್ಥೆಯೊಂದು ಸೋವಿಯತ್ ಒಕ್ಕೂಟಕ್ಕೆ ಹಣ ಕಟ್ಟಿ ತನ್ನ ಪತ್ರಕರ್ತ ತೊಯೊಹಿರೊ ಅಕಿಯಾಮಾ ಅವರನ್ನು ಮೀರ್ ನಿಲ್ದಾಣಕ್ಕೆ ಕಳುಹಿಸಿತು. ಅವರು ಅಲ್ಲಿಂದ ನೇರ ವರದಿ ಮಾಡಿದರು. ಮುಂದೆ ಕೆಲಸ ಬಿಟ್ಟು ಫುಕುಶಿಮಾ ಪ್ರಾಂತ್ಯದಲ್ಲಿ ಸಾವಯವ ಕೃಷಿಗೆ ಇಳಿದರು. ಬಾಹ್ಯಾಕಾಶ ನೋಡಿ ಬಂದವರು ಗದ್ದೆಗೆ ಹೋದ ಈ ಸಂಗತಿ ನಮ್ಮ ಕಡೆಯವರಿಗೆ ಹಿಡಿಸೀತು. ಸ್ವಂತ ಕಿಸೆಯಿಂದ ಕೊಟ್ಟು ಹೋದ ಮೊದಲಿಗರು ಅಮೆರಿಕದ ಡೆನಿಸ್ ಟಿಟೊ. 2001ರ ಏಪ್ರಿಲ್ 28ರಂದು, 60ನೆಯ ವಯಸ್ಸಿನಲ್ಲಿ, ಸುಮಾರು 2 ಕೋಟಿ ಡಾಲರ್ ತೆತ್ತು ರಷ್ಯಾದ ಸೊಯುಜ್ ನೌಕೆಯಲ್ಲಿ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದರು. ನಾಸಾಕ್ಕೆ ಅದು ಇಷ್ಟವಿರಲಿಲ್ಲ, ರಷ್ಯಾಕ್ಕೆ ದುಡ್ಡಿನ ಅಡಚಣೆ ಇತ್ತು. 2009ರ ಹೊತ್ತಿಗೆ ಇದೇ ದಾರಿಯಲ್ಲಿ ಏಳು ಮಂದಿ ಹೋಗಿ ಬಂದಿದ್ದರು. ಒಬ್ಬರಂತೂ ಎರಡು ಸಲ.

ಇವರೆಲ್ಲರಿಗಿಂತ ಮೊದಲು ಒಬ್ಬ ಶಾಲಾ ಶಿಕ್ಷಕಿ ಹೊರಟಿದ್ದರು. ಕ್ರಿಸ್ಟಾ ಮೆಕಾಲಿಫ್. ಹನ್ನೊಂದು ಸಾವಿರಕ್ಕೂ ಹೆಚ್ಚು ಶಿಕ್ಷಕರ ಅರ್ಜಿಗಳಲ್ಲಿ ಆಯ್ಕೆಯಾದವರು. ಬಾಹ್ಯಾಕಾಶದಿಂದ ಮಕ್ಕಳಿಗೆ ಪಾಠ ಮಾಡಬೇಕಿತ್ತು. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಮೇಲೇರಿದ 73 ಸೆಕೆಂಡಿಗೆ ಛಿದ್ರವಾಯಿತು. ಅವರ ಶಾಲೆಯ ಮಕ್ಕಳು ಟಿ.ವಿ.ಯಲ್ಲಿ ಅದನ್ನು ನೋಡುತ್ತಿದ್ದರು. ಜನಸಾಮಾನ್ಯರನ್ನು ಕರೆದೊಯ್ಯುವ ಮಾತನ್ನು ನಾಸಾ ಅನಂತರ ಬಹಳ ಕಾಲ ಎತ್ತಲಿಲ್ಲ. ಜಾಗ ದುಡ್ಡಿದ್ದವರಿಗೆ ಉಳಿಯಿತು.

ಎಗರಿ ಬರುವ ದಾರಿ ತೆರೆದದ್ದು ಒಂದು ಬಹುಮಾನದಿಂದ. ಸರ್ಕಾರದ ನೆರವಿಲ್ಲದೆ, ಒಂದೇ ನೌಕೆಯನ್ನು ಎರಡು ವಾರದೊಳಗೆ ಎರಡು ಸಲ ನೂರು ಕಿಲೋಮೀಟರ್ ಮೇಲೆ ಹಾರಿಸಿದವರಿಗೆ 1 ಕೋಟಿ ಡಾಲರ್ ಎಂದು ಸಾರಿದ್ದರು. 2004ರ ಅಕ್ಟೋಬರ್ 4ರಂದು ಬರ್ಟ್ ರುಟಾನ್ ವಿನ್ಯಾಸದ ಸ್ಪೇಸ್‌ಶಿಪ್‌ಒನ್ ಅದನ್ನು ಗೆದ್ದಿತು. ರಿಚರ್ಡ್ ಬ್ರಾನ್ಸನ್ ಅವರ ವರ್ಜಿನ್ ಗ್ಯಾಲಾಕ್ಟಿಕ್ ಆ ತಂತ್ರವನ್ನು ಕೊಂಡು, ಇನ್ನೇನು ಮೂರ್ನಾಲ್ಕು ವರ್ಷದಲ್ಲಿ ಜನರನ್ನು ಒಯ್ಯುತ್ತೇವೆ ಎಂದಿತು. ಹಿಡಿದದ್ದು ಹದಿನೇಳು ವರ್ಷ. ನಡುವೆ 2014ರಲ್ಲಿ ಪರೀಕ್ಷಾ ಹಾರಾಟವೊಂದರಲ್ಲಿ ನೌಕೆ ಒಡೆದು ಪೈಲಟ್ ಒಬ್ಬರು ಸತ್ತರು. ಕೊನೆಗೂ 2021ರ ಜುಲೈ 11ರಂದು ಬ್ರಾನ್ಸನ್, ಅವರ ಜೊತೆ ಆಂಧ್ರದಲ್ಲಿ ಹುಟ್ಟಿದ ಶಿರಿಷಾ ಬಾಂಡ್ಲ, ಎಗರಿ ಬಂದರು. ಒಂಬತ್ತು ದಿನ ಕಳೆದು ಬ್ಲೂ ಒರಿಜಿನ್ ಒಡೆಯ ಜೆಫ್ ಬೆಜೋಸ್ ತಮ್ಮ ನ್ಯೂ ಶೆಪರ್ಡ್‌ನಲ್ಲಿ ಹೋದರು. ವರ್ಜಿನ್ ನೌಕೆ ಏರುತ್ತಿದ್ದದ್ದು 85 ಕಿ.ಮೀ. ಆಸುಪಾಸಿಗೆ, ಬೆಜೋಸ್ ಅವರದು ನೂರು ದಾಟುತ್ತಿತ್ತು. ನಿಜವಾದ ಬಾಹ್ಯಾಕಾಶ ಮುಟ್ಟಿದವರು ಯಾರು ಎಂದು ಇಬ್ಬರು ಸಾಹುಕಾರರ ಕಡೆಯವರು ಕಚ್ಚಾಡಿದ್ದು ನೋಡುವವರಿಗೆ ಪುಕ್ಕಟೆ ಮನರಂಜನೆ.

ಈಗ ಟಿಕೆಟ್. ವರ್ಜಿನ್ ಗ್ಯಾಲಾಕ್ಟಿಕ್ 2021ರಲ್ಲಿ ಕೇಳಿದ ಬೆಲೆ 4.5 ಲಕ್ಷ ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ 3.8 ಕೋಟಿ. ನಮ್ಮ ಲೆಕ್ಕಕ್ಕೆ ತರೋಣ: ಅಡಿಕೆ ಕ್ವಿಂಟಲಿಗೆ 50 ಸಾವಿರ ಎಂದಿಟ್ಟುಕೊಳ್ಳಿ, ಎಕರೆಗೆ ವರ್ಷಕ್ಕೆ ಹತ್ತು ಕ್ವಿಂಟಲ್ ಎಂದಿಟ್ಟುಕೊಳ್ಳಿ. ಒಂದೆಕರೆ ತೋಟದ 76 ವರ್ಷದ ಫಸಲು ಬೇಕು, ಅದೂ ಒಂದು ವರ್ಷವೂ ಕೊಳೆರೋಗ ಬಾರದೆ, ಮನೆಮಂದಿ ಒಂದು ರೂಪಾಯಿಯೂ ಖರ್ಚು ಮಾಡದೆ. ಇದು ಎಗರಿ ಬರುವುದಕ್ಕೆ. ಸುತ್ತಿ ಬರುವುದಕ್ಕೆ, ಅಂದರೆ 2022ರ ಏಪ್ರಿಲಿನಲ್ಲಿ ಆಕ್ಸಿಯಂ ಕಂಪನಿಯ ಮೂಲಕ ನಿಲ್ದಾಣಕ್ಕೆ ಹೋದವರು ತಲೆಗೆ ಕೊಟ್ಟದ್ದು ಸುಮಾರು 5.5 ಕೋಟಿ ಡಾಲರ್, 467 ಕೋಟಿ ರೂಪಾಯಿ. ತೋಟದ ಲೆಕ್ಕ ಇಲ್ಲಿಗೆ ನಿಲ್ಲಿಸುವುದು ಒಳ್ಳೆಯದು.

ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ. 2001ರಲ್ಲಿ ಟಿಟೊ ಕೊಟ್ಟದ್ದು 2 ಕೋಟಿ ಡಾಲರ್. ಇಪ್ಪತ್ತೊಂದು ವರ್ಷದ ಮೇಲೆ 5.5 ಕೋಟಿ. ಹಣದುಬ್ಬರ ಕಳೆದರೂ ಬೆಲೆ ಏರಿದೆ. ವರ್ಜಿನ್ ಟಿಕೆಟ್ ಮೊದಲು 2 ಲಕ್ಷ ಡಾಲರ್ ಇತ್ತು, 2.5 ಆಯಿತು, 4.5 ಆಯಿತು. ವಿಮಾನವೂ ಮೊದಲು ಶ್ರೀಮಂತರದಾಗಿತ್ತು, ಆಮೇಲೆ ಎಲ್ಲರದಾಯಿತು, ಇದೂ ಹಾಗೆಯೇ ಆಗುತ್ತದೆ ಎಂದು ಭಾಷಣ ಮಾಡುವವರು ಈ ಏರುಮುಖದ ಗೆರೆಯನ್ನು ತೋರಿಸುವುದಿಲ್ಲ. ಅಂದ ಹಾಗೆ ವಿಮಾನ ಎಲ್ಲರದಾಯಿತು ಎನ್ನುವ ಮಾತೂ ನಮ್ಮ ಜಿಲ್ಲೆಯಲ್ಲಿ ಸ್ವಲ್ಪ ಜೋಪಾನವಾಗಿ ಆಡಬೇಕಾದದ್ದು. ಅಂಕೋಲಾದ ಅಲಗೇರಿ ಬಳಿಯ ನಾಗರಿಕ ವಿಮಾನ ನಿಲ್ದಾಣದ ಯೋಜನೆ ಎಷ್ಟು ವರ್ಷದಿಂದ ಕಾಗದದ ಮೇಲೆ ಹಾರುತ್ತಿದೆ ಎಂಬುದು ಎಲ್ಲರಿಗೂ ಗೊತ್ತು.

ಬೆಲೆ ಇಳಿಯಬೇಕಾದರೆ ಏನಾಗಬೇಕು? ಒಮ್ಮೆ ಬಲೆ ಬೀಸಿ ಬಂದ ಬೋಟನ್ನು ಸುಟ್ಟುಹಾಕಿ ಮರುದಿನ ಹೊಸ ಬೋಟು ಕಟ್ಟಿಸುವ ಪದ್ಧತಿ ಬೈತಖೋಲದಲ್ಲಿದ್ದರೆ ಬಂಗಡೆಯನ್ನು ಬಂಗಾರದಂಗಡಿಯಲ್ಲಿ ಮಾರಬೇಕಾಗುತ್ತಿತ್ತು. ರಾಕೆಟ್ ವ್ಯವಹಾರ ಬಹಳ ಕಾಲ ಹಾಗೆಯೇ ನಡೆಯಿತು. 2015ರ ಡಿಸೆಂಬರಿನಲ್ಲಿ ಫಾಲ್ಕನ್ 9ರ ಕೆಳಹಂತ ಕಕ್ಷೆಗೆ ಸರಕು ಕಳುಹಿಸಿ ತಾನು ಹಿಂತಿರುಗಿ ನೆಟ್ಟಗೆ ನೆಲಕ್ಕಿಳಿಯಿತು. 2017ರಿಂದ ಹಾಗೆ ಇಳಿದವುಗಳನ್ನೇ ಮತ್ತೆ ಹಾರಿಸುತ್ತಿದ್ದಾರೆ. ಆದರೂ ಮೇಲಿನ ಹಂತ ಪ್ರತಿ ಸಲವೂ ನಾಶವಾಗುತ್ತದೆ. ಮನುಷ್ಯರು ಕುಳಿತುಕೊಳ್ಳುವ ಡ್ರ್ಯಾಗನ್ ಕೋಶವನ್ನು ಮರಳಿ ಬಳಸುವುದಕ್ಕೆ ಮುಂಚೆ ತಿಂಗಳುಗಟ್ಟಲೆ ಬಿಚ್ಚಿ, ತಿಕ್ಕಿ, ತಪಾಸಿಸಬೇಕು. ಎರಡೂ ಹಂತ ಮರಳಿ ಬರಬೇಕೆಂಬುದು ಅದೇ ಸ್ಪೇಸ್‌ಎಕ್ಸ್‌ನ ಹೊಸ ದೈತ್ಯ ರಾಕೆಟ್ ಸ್ಟಾರ್‌ಶಿಪ್‌ನ ಗುರಿ. 2024ರ ಅಕ್ಟೋಬರ್ 13ರಂದು ಅದರ ಕೆಳಹಂತವನ್ನು ಉಡಾವಣಾ ಗೋಪುರದ ತೋಳುಗಳು ಗಾಳಿಯಲ್ಲೇ ಹಿಡಿದದ್ದನ್ನು ನಾನು ನಾಲ್ಕು ಸಲ ನೋಡಿದೆ. ಅದ್ಭುತವೇ. ಆದರೆ ಅದರಲ್ಲಿ ಕುಳಿತು ಚಂದ್ರನನ್ನು ಸುತ್ತಿಬರಲು ಜಪಾನಿನ ಉದ್ಯಮಿ ಯುಸಾಕು ಮಯೆಜಾವಾ ಕಲಾವಿದರ ತಂಡ ಕಟ್ಟಿದ್ದರು. ಕಾದು ಕಾದು 2024ರ ಜೂನಿನಲ್ಲಿ ಯೋಜನೆಯನ್ನೇ ಕೈಬಿಟ್ಟರು.

ಮರುಬಳಕೆಯಷ್ಟೇ ಮುಖ್ಯವಾದದ್ದು ದಿನವಹಿ ಓಡುವುದು. 1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದಾಗ ಕಾರವಾರದವರಿಗೆ ಮುಂಬೈ ಹತ್ತಿರವಾದದ್ದು ಎಂಜಿನ್ ಹೊಸದೆಂದಲ್ಲ, ಗಾಡಿ ದಿನವೂ ಬರುತ್ತದೆ, ತುಂಬ ಜನ ಹಿಡಿಯುತ್ತಾರೆ ಎಂದು. ವರ್ಜಿನ್‌ನ ಯುನಿಟಿ ನೌಕೆ ಓಡಾಡಿದ್ದು ಹೆಚ್ಚೆಂದರೆ ತಿಂಗಳಿಗೊಮ್ಮೆ. 2024ರ ಜೂನಿನಲ್ಲಿ ಅದನ್ನು ನಿವೃತ್ತಿ ಮಾಡಿ, ಬೇಗಬೇಗ ಹಾರಬಲ್ಲ ಹೊಸ ಮಾದರಿ ಕಟ್ಟಲು ಕಂಪನಿ ಹೊರಟಿತು.

ಹಾಗಿದ್ದರೆ ಸಾಮಾನ್ಯರು ಯಾರೂ ಹೋಗಿಲ್ಲವೇ? ಹೋಗಿದ್ದಾರೆ, ಆದರೆ ಹೆಚ್ಚಿನವರು ಟಿಕೆಟ್ ಕೊಂಡಲ್ಲ. 2021ರ ಸೆಪ್ಟೆಂಬರಿನಲ್ಲಿ ಮೂರು ದಿನ ಭೂಮಿಯನ್ನು ಸುತ್ತಿದ ಇನ್‌ಸ್ಪಿರೇಶನ್4 ತಂಡದಲ್ಲಿ ಹಣ ಕೊಟ್ಟವರು ಒಬ್ಬರೇ, ಉದ್ಯಮಿ ಜಾರೆಡ್ ಐಸಾಕ್‌ಮನ್. ಹೇಲಿ ಆರ್ಸಿನೊ ಬಾಲ್ಯದಲ್ಲಿ ಮೂಳೆ ಕ್ಯಾನ್ಸರಿನಿಂದ ಉಳಿದು, ಕಾಲಿನೊಳಗೆ ಲೋಹದ ಸರಳು ಹಾಕಿಸಿಕೊಂಡು, ತಾನು ಗುಣವಾದ ಮಕ್ಕಳ ಆಸ್ಪತ್ರೆಯಲ್ಲೇ ಕೆಲಸಕ್ಕೆ ಸೇರಿದವರು. ಹಳೆಯ ನಿಯಮಗಳಲ್ಲಿ ಅವರನ್ನು ಗಗನಯಾತ್ರಿಯಾಗಿ ಬಾಗಿಲೊಳಗೂ ಬಿಡುತ್ತಿರಲಿಲ್ಲ. ಕ್ರಿಸ್ ಸೆಂಬ್ರೊಸ್ಕಿಗೆ ಲಾಟರಿ ಹೊಡೆದದ್ದೂ ಅಲ್ಲ, ಲಾಟರಿ ಹೊಡೆದ ಗೆಳೆಯ ತನ್ನ ಜಾಗವನ್ನು ಇವರಿಗೆ ಬಿಟ್ಟುಕೊಟ್ಟ. 2023ರ ಆಗಸ್ಟಿನಲ್ಲಿ ವರ್ಜಿನ್ ನೌಕೆಯಲ್ಲಿ ಹೋದ ಆಂಟಿಗುವಾ ದ್ವೀಪದ ತಾಯಿ ಮಗಳು ಅದೃಷ್ಟದ ಚೀಟಿಯಲ್ಲಿ ಜಾಗ ಪಡೆದವರು. ಅದೇ ಹಾರಾಟದಲ್ಲಿದ್ದ ಎಂಬತ್ತು ವರ್ಷದ ಜಾನ್ ಗುಡ್‌ವಿನ್ ಅವರಿಗೆ ಪಾರ್ಕಿನ್ಸನ್ ಕಾಯಿಲೆಯಿತ್ತು. ವಿಜಯವಾಡದಲ್ಲಿ ಹುಟ್ಟಿದ ಪೈಲಟ್ ಗೋಪಿ ತೋಟಕೂರ 2024ರ ಮೇ 19ರಂದು ನ್ಯೂ ಶೆಪರ್ಡ್‌ನಲ್ಲಿ ಹೋಗಿ ಮೊದಲ ಭಾರತೀಯ ಬಾಹ್ಯಾಕಾಶ ಪ್ರವಾಸಿ ಎನಿಸಿಕೊಂಡರು. ಈ ಹದಿನೈದು-ಇಪ್ಪತ್ತು ವರ್ಷದಲ್ಲಿ ಇಳಿದದ್ದು ಬೆಲೆಯಲ್ಲ, ದೇಹದ ಕಟ್ಟಳೆ. ಅದು ಸಣ್ಣ ಸಂಗತಿಯಲ್ಲ ಎಂದು ನನ್ನ ಅಭಿಪ್ರಾಯ.

ನ್ಯೂ ಶೆಪರ್ಡ್ ಪ್ರಯಾಣಿಕರಿಗೆ ಹಾಕಿದ್ದ ಷರತ್ತುಗಳಲ್ಲಿ ಒಂದು: ಉಡಾವಣಾ ಗೋಪುರದ ಏಳು ಅಂತಸ್ತಿನ ಮೆಟ್ಟಿಲುಗಳನ್ನು ತೊಂಬತ್ತು ಸೆಕೆಂಡಿನೊಳಗೆ ಹತ್ತಬೇಕು. ಇದನ್ನು ಓದಿದಾಗ ನನಗೆ ನಮ್ಮ ಕಡೆಯ ಕೊನೆಗೌಡರು ನೆನಪಾದರು. ಮೆಟ್ಟಿಲಿಲ್ಲದ ಅಡಿಕೆ ಮರವನ್ನು ಏರಿ, ತುದಿಯಲ್ಲಿ ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುವವರಿಗೆ ಈ ಪರೀಕ್ಷೆ ಎಲೆಯಡಿಕೆ ಹಾಕಿಕೊಂಡಷ್ಟು ಸುಲಭ.

ಅಪಾಯದ ವಿಷಯವನ್ನು ಮುಚ್ಚಿಡುವಂತಿಲ್ಲ. ಇದುವರೆಗೆ ಬಾಹ್ಯಾಕಾಶಕ್ಕೆ ಹೋದವರು ಏಳುನೂರು ಚಿಲ್ಲರೆ ಜನ. ನಾಲ್ಕು ದುರಂತಗಳಲ್ಲಿ ಸತ್ತವರು ಹದಿನೆಂಟು. ಆ ಲೆಕ್ಕದ ಬಸ್ ಸೇವೆಯಿದ್ದರೆ ಯಾರೂ ಹತ್ತುತ್ತಿರಲಿಲ್ಲ. ವಿಚಿತ್ರವೆಂದರೆ, ಪ್ರಯಾಣಿಕರ ಸುರಕ್ಷತೆಗೆ ನಿಯಮ ಮಾಡುವ ಅಧಿಕಾರವನ್ನು ಅಮೆರಿಕದ ವಿಮಾನಯಾನ ಆಡಳಿತದಿಂದ ಅಲ್ಲಿನ ಸಂಸತ್ತೇ 2004ರಲ್ಲಿ ತಡೆಹಿಡಿಯಿತು. ಉದ್ಯಮ ಇನ್ನೂ ಕಲಿಯುತ್ತಿದೆ, ಈಗಲೇ ಕೈ ಕಟ್ಟುವುದು ಬೇಡ ಎಂಬುದು ವಾದ. ಆ ತಡೆಯನ್ನು ಮತ್ತೆ ಮತ್ತೆ ವಿಸ್ತರಿಸಿದ್ದಾರೆ. ಅಪಾಯ ಗೊತ್ತಿದ್ದೇ ಹೋಗುತ್ತಿದ್ದೇನೆ ಎಂದು ಪ್ರಯಾಣಿಕ ಬರೆದುಕೊಟ್ಟರೆ ಮುಗಿಯಿತು. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಇದೇ ಕಡಲಲ್ಲಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಎಷ್ಟು ಜನ ಹತ್ತಬೇಕು, ಜೀವರಕ್ಷಕ ಅಂಗಿ ಯಾರಿಗಿದೆ ಎಂಬ ಪ್ರಶ್ನೆಗಳು ಗಟ್ಟಿಯಾಗಿ ಕೇಳಿಬಂದದ್ದು ಆಮೇಲೆ. ಮೇಲಿನ ಪ್ರಯಾಣದ ನಿಯಮಗಳೂ ಹಾಗೆ ಹೆಣ ಎಣಿಸಿದ ಮೇಲೆಯೇ ಬರೆಯಲ್ಪಡುತ್ತವೆಯೇ ಎಂಬುದು ನನ್ನ ಭಯ.

ಹೊಗೆಯ ಬಗ್ಗೆ ಎರಡು ಮಾತು. ನೆಲದ ಮೇಲಿನ ಮಸಿಯನ್ನು ಮಳೆ ತೊಳೆಯುತ್ತದೆ, ನಮ್ಮ ಜಿಲ್ಲೆಯ ಮಳೆಯಂತೂ ಏನನ್ನೂ ಬಿಡುವುದಿಲ್ಲ. ರಾಕೆಟ್ಟುಗಳು ಮಸಿ ಉಗುಳುವುದು ಮಳೆಮೋಡಗಳಿಗಿಂತ ಬಹಳ ಮೇಲೆ. ಅಲ್ಲಿ ಅದು ವರ್ಷಗಟ್ಟಲೆ ತೇಲುತ್ತದೆ. ನೆಲದ ಮಸಿಗೆ ಹೋಲಿಸಿದರೆ ಅದು ವಾತಾವರಣವನ್ನು ಬಿಸಿಮಾಡುವ ಸಾಮರ್ಥ್ಯ ಸುಮಾರು 500 ಪಟ್ಟು ಎಂದು 2022ರ ಅಧ್ಯಯನವೊಂದು ಲೆಕ್ಕ ಹಾಕಿತು. ನ್ಯೂ ಶೆಪರ್ಡ್ ಉರಿಸುವುದು ಜಲಜನಕ, ಅದರಿಂದ ಹೊರಡುವುದು ನೀರಾವಿ. ಸೀಮೆಎಣ್ಣೆಯಂಥ ಇಂಧನದ ಫಾಲ್ಕನ್, ರಬ್ಬರಿನಂಥ ಇಂಧನದ ವರ್ಜಿನ್ ಮಸಿ ಬಿಡುವ ಜಾತಿಯವು. ಈಗ ಹಾರಾಟ ಕಡಿಮೆಯಿರುವುದರಿಂದ ಪರಿಣಾಮವೂ ಕಡಿಮೆ. ಆದರೆ ದಿನವಹಿ ಓಡಿದರೆ ಮಾತ್ರ ಅಗ್ಗ ಎಂದು ಮೇಲೆ ಹೇಳಿದೆನಲ್ಲ, ಆ ಎರಡು ಮಾತು ಪರಸ್ಪರ ತಾಗುವುದು ಇಲ್ಲಿ.

ನಮ್ಮ ದೇಶದ ಗಗನಯಾನ ಪ್ರವಾಸವಲ್ಲ. ಮೂವರವರೆಗೆ ಯಾತ್ರಿಗಳನ್ನು 400 ಕಿ.ಮೀ. ಎತ್ತರದ ಕಕ್ಷೆಗೆ ಒಯ್ದು ಮೂರು ದಿನದಲ್ಲಿ ಸಮುದ್ರಕ್ಕಿಳಿಸುವ ಕಾರ್ಯಕ್ರಮ. 2023ರ ಅಕ್ಟೋಬರ್ 21ರಂದು ಪರೀಕ್ಷೆಗೆ ಹಾರಿಸಿದ ಕೋಶವನ್ನು ಬಂಗಾಳ ಕೊಲ್ಲಿಯಿಂದ ಎತ್ತಿ ತಂದದ್ದು ನೌಕಾಪಡೆ. ಶುಕ್ಲಾ ಅವರು 2025ರ ಜೂನ್ 25ರಂದು ಹೋದದ್ದು ಆಕ್ಸಿಯಂ ಕಂಪನಿಯ ಪ್ರಯಾಣದಲ್ಲಿ, ಟಿಕೆಟ್ ತೆಗೆಸಿದ್ದು ಸರ್ಕಾರ. ಶ್ರೀಮಂತರಿಗೆಂದು ತೆರೆದ ಕೌಂಟರಿನಲ್ಲಿ ಒಂದು ದೇಶ ಸಾಲಿನಲ್ಲಿ ನಿಂತು ತನ್ನ ಯಾತ್ರಿಗೆ ಅನುಭವ ಕೊಡಿಸಿತು. ಈ ವ್ಯವಹಾರದಿಂದ ಇದುವರೆಗೆ ಆದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು. ಅವರು ಮೇಲೆ ಮೊಳಕೆ ಬರಿಸಿದ ಮೆಂತೆ ಮತ್ತು ಹೆಸರುಕಾಳಿನ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರದು. ಹುಡುಗನಿಗೆ ಇದು ಹೊಸ ಸುದ್ದಿ. "ಧಾರವಾಡದ ಮೆಂತೆ ಹೋಗಿ ಬಂತೇ?" ಎಂದು ಎರಡು ಸಲ ಕೇಳಿದ.

ಅವನು ನನ್ನ ವಯಸ್ಸಿಗೆ ಬರುವ ಹೊತ್ತಿಗೆ? ಎಗರಿ ಬರುವ ಟಿಕೆಟ್ ಬೆಂಗಳೂರಿನ ಒಂದು ಸಾಧಾರಣ ಫ್ಲ್ಯಾಟಿನ ಬೆಲೆಗೆ ಇಳಿದರೆ ನನಗೆ ಆಶ್ಚರ್ಯವಾಗದು. ಸುತ್ತಿ ಬರುವುದು ಸಂಬಳದವರ ಕೈಗೆ ಬರುತ್ತದೆ ಎಂದು ಹೇಳಲು ನನಗೆ ಧೈರ್ಯವಿಲ್ಲ. ಆ ಮೂವತ್ತು ಪಟ್ಟು ಶಕ್ತಿಯ ಲೆಕ್ಕವನ್ನು ಯಾವ ವ್ಯಾಪಾರಿಯೂ ರಿಯಾಯಿತಿಯಲ್ಲಿ ಕೊಡಲಾರ. ಸಂಬಳ ತೆಗೆದುಕೊಂಡೇ ಹೋಗುವ ದಾರಿ, ಅಂದರೆ ಎಂಜಿನಿಯರಾಗಿ, ವೈದ್ಯನಾಗಿ, ಮೆಂತೆ ನೋಡಿಕೊಳ್ಳುವವನಾಗಿ ಹೋಗುವ ದಾರಿ, ಟಿಕೆಟ್ಟಿನ ದಾರಿಗಿಂತ ಬೇಗ ಅಗಲವಾಗಬಹುದು. 2035ರೊಳಗೆ ನಮ್ಮದೇ ನಿಲ್ದಾಣ ಕಟ್ಟುವ ಗುರಿಯನ್ನು ಸರ್ಕಾರ ಹಾಕಿಕೊಂಡಿದೆ. ಕಟ್ಟಿದರೆ ಅಲ್ಲಿ ಕೆಲಸದವರು ಬೇಕಾಗುತ್ತಾರೆ.

ಕತ್ತಲಾಗಿತ್ತು. ಬೋಟುಗಳ ದೀಪ ಸಾಲಾಗಿ ಹತ್ತಿದ್ದವು. ಮೊಬೈಲಿನಲ್ಲಿ ಸಮಯ ನೋಡಿಕೊಂಡು ಅವನಿಗೆ ನೈಋತ್ಯದ ಕಡೆ ತೋರಿಸಿದೆ. ನೀರಿನ ಅಂಚಿನಿಂದ ಎದ್ದಂತೆ ಒಂದು ಬೆಳಕಿನ ಚುಕ್ಕೆ ಬಂತು. ವಿಮಾನದಂತೆ ಮಿನುಗದೆ, ಸದ್ದಿಲ್ಲದೆ, ಶುಕ್ರನಿಗಿಂತ ಒಂದಿಷ್ಟೇ ಮಂಕಾಗಿ, ನಮ್ಮ ತಲೆಯ ಮೇಲೆ ಸಾಗಿತು. ಭೇಲ್‌ಪುರಿಯವನೂ ಕೈ ನಿಲ್ಲಿಸಿ ನೋಡಿದ. ಅದು ಬಾಹ್ಯಾಕಾಶ ನಿಲ್ದಾಣ, ಒಳಗೆ ಮನುಷ್ಯರಿದ್ದಾರೆ ಎಂದರೆ ಅವನು ನಂಬಲಿಲ್ಲ. ಪೂರ್ವಕ್ಕೆ, ಘಟ್ಟದ ಮೇಲೆ ಇನ್ನೂ ಎತ್ತರದಲ್ಲಿರುವಾಗಲೇ ಅದು ಭೂಮಿಯ ನೆರಳಿಗೆ ಹೊಕ್ಕು ದೀಪ ಆರಿದಂತೆ ಮಾಯವಾಯಿತು. ಕಂಡದ್ದು ನಾಲ್ಕು ನಿಮಿಷವಿರಬೇಕು.

"ಶಿರಸಿಯಲ್ಲೂ ಕಾಣುತ್ತದೆಯೇ ಮಾವ?"

"ಕಾಣುತ್ತದೆ. ಇಲ್ಲಿಯ ನೆತ್ತಿಯಿಂದ ನಿಮ್ಮ ಮನೆಯ ನೆತ್ತಿಗೆ ಅದಕ್ಕೆ ಸುಮಾರು ಹತ್ತು ಸೆಕೆಂಡು."

ಮರುದಿನ ಬೆಳಗಿನ ಬಸ್ಸಿನಲ್ಲಿ ಅವನು ಕಿಟಕಿ ಪಕ್ಕ ಜಾಗ ಹಿಡಿದ. ದೇವಿಮನೆ ಘಟ್ಟಕ್ಕೆಂದು ಕಿಸೆಯಲ್ಲಿ ಒಂದು ನಿಂಬೆಹಣ್ಣಿತ್ತು. ಮುಂದಿನ ಸಲ ನಿಲ್ದಾಣ ಹಾದುಹೋಗುವ ಸಮಯಗಳನ್ನು ಟಿಕೆಟ್ಟಿನ ಹಿಂಬದಿಯಲ್ಲಿ ಬರೆಸಿಕೊಂಡು ಹೋದ.